ಹಾಯಿ ಹಿಡಿದ ಅಮ್ಮ

ಕೇಣಿ, ಅಂಕೋಲಾ
12-2-2023

ಮಾಬ್ಲೇಶ್ವರ ಮಾಸ್ತರರಿಗೆ ಉಮಾ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಅಂಕೋಲೆ ಹೈಸ್ಕೂಲಿನಲ್ಲಿ ಮೀನಿನ ವಾಸನೆ ಹೇಳಿ ಬೇರೆ ಹುಡುಗಿಯರು ಸರಿದು ಕೂತಾಗ, ನೀವು ನಿಮ್ಮ ಹಳೇ ನಾಣ್ಯದ ಡಬ್ಬಿ ತಂದು ನನ್ನ ಕೈಯಲ್ಲಿ ಕೊಟ್ಟು, ಇಡೀ ಕ್ಲಾಸಿಗೆ ನೀನೇ ತೋರಿಸು ಅಂದಿದ್ರಿ. ಆ ಉಮಾ ನಾನು. ಈಗ ಕೇಣಿಯಲ್ಲಿದ್ದೇನೆ. ನಮ್ಮನೆಯವರು ಉದಯ ಹರಿಕಂತ್ರ, ಸ್ವಂತ ದೋಣಿ ಇದೆ. ಮನೆಯಲ್ಲಿ ನಾವಿಬ್ಬರು ಮತ್ತೆ ಅತ್ತೆ ನಾಗಮ್ಮ. ನಿಮಗೆ ಕಿವಿ ಪೂರಾ ಹೋಗಿದೆ, ಫೋನು ಮಾಡಿ ಉಪಯೋಗ ಇಲ್ಲ ಹೇಳಿ ತಿಳೀತು. ಅದಕ್ಕೇ ಕಾಗದ.

ಮೊನ್ನೆ ಇವರ ಬಲೆಯಲ್ಲಿ ಶೆಟ್ಲಿ ಮೀನಿನ ಜೊತೆ, ಕೆಸರಿನ ಉಂಡೆಯೊಳಗೆ ಒಂದು ನಾಣ್ಯ ಬಂತು. ಕಪ್ಪು ಹಸಿರು ಬಣ್ಣ, ನಮ್ಮ ಐದು ರೂಪಾಯಿಗಿಂತ ದೊಡ್ಡದು, ದಪ್ಪ. ಒಂದು ಬದಿಗೆ ಗಡ್ಡದ ಗಂಡಸು. ಇನ್ನೊಂದು ಬದಿಗೆ ಒಬ್ಬಳು ಹೆಂಗಸು ಎಂತದೋ ಬಟ್ಟೆ ಹಿಡಿದ ಹಾಗೆ ಕಾಣ್ತದೆ. ಇವರ ದಾಯಾದಿ ಜಟ್ಟು ದೋಣಿಯಲ್ಲಿ ಇವರ ಜೊತೆಗಾರ. ಸಮುದ್ರದ್ದು ಸಮುದ್ರಕ್ಕೇ ಒಗೆ ಅಂದನಂತೆ. ಇವರು ಕೇಳದೆ ಮನೆಗೆ ತಂದ್ರು. ನೀವು ಕಲಿಸಿದ ಹಾಗೆ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಎರಡೂ ಬದಿಯ ಅಚ್ಚು ಕಳಿಸಿದ್ದೇನೆ. ಎಂತದು ಹೇಳಿ ತಿಳಿಸಿದರೆ ಉಪಕಾರ ಆಗ್ತದೆ.

ನಿಮ್ಮ ವಿದ್ಯಾರ್ಥಿನಿ
ಉಮಾ


ಹಬ್ಬುವಾಡ, ಕಾರವಾರ
20-2-2023

ಚಿ. ಸೌ. ಉಮಾಳಿಗೆ ಆಶೀರ್ವಾದ.

ನೆನಪಿಲ್ಲದೆ ಏನು ಮಾರಾಯ್ತಿ, ಇತಿಹಾಸಕ್ಕೆ ಎಂಬತ್ತು, ಗಣಿತಕ್ಕೆ ಮೂವತ್ತೈದು ತೆಗೆದು ಪಾಸಾದವಳು ನೀನೇ ಅಲ್ಲವೇ. ನಿನ್ನ ಲಕೋಟೆ ಬಂದು ಮೂರು ದಿನವಾಯಿತು. ಮೂರು ದಿನವೂ ಸರಿಯಾಗಿ ಊಟ ಸೇರಲಿಲ್ಲ. ಭೂತಗನ್ನಡಿಯಲ್ಲಿ ನೋಡಿ ನೋಡಿ ಇದ್ದ ಒಂದು ಕಣ್ಣೂ ನೀರು ಸುರಿಸುತ್ತಿದೆ.

ನಿಧಾನವಾಗಿ ಓದು. ಇದು ರೋಮನ್ ನಾಣ್ಯ, ಆದರೆ ರೋಮಿನಲ್ಲಿ ಅಚ್ಚಾದದ್ದಲ್ಲ. ರೋಮಿನ ಕೈಕೆಳಗಿದ್ದ ಪ್ರಾಂತ್ಯದ್ದು, ಈಜಿಪ್ಟಿನ ಅಲೆಕ್ಸಾಂಡ್ರಿಯಾದ್ದು. ಗಡ್ಡದವನು ಸಾವಿರದ ಎಂಟುನೂರು ವರ್ಷಕ್ಕೂ ಹಿಂದಿನ ರೋಮಿನ ಚಕ್ರವರ್ತಿ, ಆಂಟೋನಿನಸ್. ಸುತ್ತಲಿನ ಅಕ್ಷರ ಗ್ರೀಕ್. ಆ ಹೆಂಗಸು ಇಸಿಸ್ ಎಂಬ ದೇವಿ. ಅವಳು ಹಿಡಿದದ್ದು ಬಟ್ಟೆಯಲ್ಲ, ಗಾಳಿ ತುಂಬಿದ ಹಾಯಿ. ಎದುರಿಗೆ ನಿಂತಿರುವ ಕಂಬ ದೀಪಸ್ತಂಭ. ಕಡಲಿಗೆ ಹೋದವರನ್ನು ಕಾಯುವ ಅಮ್ಮ ಅವಳು. ನಾವಿಕರು ಅವಳ ಹೆಸರು ಹೇಳದೆ ದೋಣಿ ಇಳಿಸುತ್ತಿರಲಿಲ್ಲ.

ರೋಮಿನ ಚಿನ್ನ, ಬೆಳ್ಳಿ ನಮ್ಮ ದೇಶದಲ್ಲಿ ಬೇಕಾದಷ್ಟು ಸಿಕ್ಕಿದೆ. ಪ್ರಾಂತ್ಯದ ಈ ಕಂಚಿನ ನಾಣ್ಯ ಈಜಿಪ್ಟಿನ ಆಚೆ ನಡೆಯುತ್ತಲೇ ಇರಲಿಲ್ಲ. ಯಾರೋ ನಾವಿಕ ಹಣವೆಂದಲ್ಲ, ಜೊತೆಗಿರಲಿ ಎಂದು ಇಟ್ಟುಕೊಂಡು ಬಂದಿರಬೇಕು. ಅಲೆಕ್ಸಾಂಡ್ರಿಯಾದ ನಾವಿಕರು ಈ ದಂಡೆಗೆ ಬಂದಿದ್ದರು ಎಂದು ಧಾರವಾಡದ ಒಂದು ಸಭೆಯಲ್ಲಿ 1989ರಲ್ಲಿ ಹೇಳಿ ನಗೆಪಾಟಲಾದವನು ನಾನು. ಒಂದು ನಾಣ್ಯ ಯಾರ ಕಿಸೆಯಿಂದಲೂ ಬೀಳುತ್ತದೆ, ಎರಡು ತನ್ನಿ, ಆಮೇಲೆ ಮಾತಾಡೋಣ ಎಂದಿದ್ದರು. ಅಂದಿನಿಂದ ನನ್ನ ಕೈಗೆ ಒಂದೂ ಬರಲಿಲ್ಲ.

ಗಡ್ಡದ ಕೆಳಗೆ ಅಂಚಿನಲ್ಲಿ ಉಗುರು ಹೋಗುವಷ್ಟು ಒಡಕಿದೆ, ನೋಡು. ಅದು ಹುಟ್ಟುವಾಗಲೇ ಬಂದ ಗುರುತು. ದಮ್ಮಯ್ಯ, ನಾಣ್ಯ ತೊಳೆಯಬೇಡ, ಉಜ್ಜಬೇಡ, ತೂತು ಕೊರೆಯಬೇಡ. ಆ ಹಸಿರು ಕಿಲುಬೇ ಅದರ ಜೀವ. ಒಣ ಅರಿವೆಯಲ್ಲಿ ಸುತ್ತಿ ಒಮ್ಮೆ ಕಾರವಾರಕ್ಕೆ ತಾ. ಕೈಯಲ್ಲಿ ಹಿಡಿದು ನೋಡದೆ ನಾನು ಸಾಯಲಾರೆ.

ಮಾಬ್ಲೇಶ್ವರ


ಕೇಣಿ
9-3-2023

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಕಾಗದ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹಾಯಿ ಹಿಡಿದ ಅಮ್ಮನ ಸುದ್ದಿ ಕೇಳಿ ಅತ್ತೆ ಕೈ ಮುಗಿದ್ರು. ಎಲ್ಲಿಯ ಅಮ್ಮನೋ, ನಮ್ಮ ಬಲೆಗೇ ಬರಬೇಕು ಹೇಳಿ ಇತ್ತಾ ಅಂದ್ರು. ಇವರು ನಿಮ್ಮ ಕಾಗದ ಎರಡು ಸಲ ಓದಿಸಿದ್ರು. ನನ್ನ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇವರು ಎಂತದನ್ನೂ ಎರಡು ಸಲ ಓದಿಸಿದ್ದಿಲ್ಲ.

ನಾಣ್ಯ ದೇವರ ಪೆಟ್ಟಿಗೆಯಲ್ಲಿ ಭದ್ರ ಇದೆ. ನೀವು ಹೇಳಿದ ಹಾಗೇ ಇಟ್ಟಿದ್ದೇನೆ. ಈಗ ಮೀನಿನ ಕೆಲಸ ಜೋರು, ಸ್ವಲ್ಪ ಪುರಸೊತ್ತು ಆದ ಮೇಲೆ ಕಾರವಾರಕ್ಕೆ ತರ್ತೇನೆ.

ಆ ಅಮ್ಮನಿಗೆ ಹರಕೆ ಎಂತ ಹೇಳಿಕೊಳ್ತಿದ್ರು ಹೇಳಿ ಅತ್ತೆ ಕೇಳ್ತಿದ್ದಾರೆ.

ಉಮಾ


ಹಬ್ಬುವಾಡ
18-3-2023

ಚಿ. ಸೌ. ಉಮಾಳಿಗೆ,

ಹರಕೆಯ ವಿಷಯ ನಾಗಮ್ಮನವರಿಗೆ ಹೇಳು: ವರ್ಷಕ್ಕೊಮ್ಮೆ, ಚಳಿಗಾಲ ಮುಗಿದು ಕಡಲು ತೆರೆಯುವಾಗ ಅಲ್ಲಿಯವರು ಅವಳ ಹೆಸರಿನಲ್ಲಿ ಒಂದು ದೋಣಿಯನ್ನೇ ನೀರಿಗೆ ಬಿಡುತ್ತಿದ್ದರು. ನೀವು ನೂಲ ಹುಣ್ಣಿಮೆಗೆ ತೆಂಗಿನಕಾಯಿ ಬಿಡುವುದಿಲ್ಲವೇ, ಹಾಗೆ.

ಪುರಸೊತ್ತು ಎಂದು ಬರೆದಿದ್ದೀಯ. ಅಂಕೋಲೆಯಿಂದ ಕಾರವಾರಕ್ಕೆ ಒಂದು ತಾಸಿನ ಬಸ್ಸು. ನನಗೆ ಎಪ್ಪತ್ತಾರು. ವೈಜಯಂತಿ ಇದ್ದಿದ್ದರೆ ಅವಳನ್ನು ಕರೆದುಕೊಂಡು ನಾನೇ ಬರುತ್ತಿದ್ದೆ. ಹೆಂಡತಿ ಹೋದ ಮೇಲೆ ಗೇಟು ದಾಟುವುದೂ ನನಗೆ ದೊಡ್ಡ ಪ್ರಯಾಣ. ಮುದುಕನ ಮೇಲೆ ಕರುಣೆ ಇಡು.

ಮಾಬ್ಲೇಶ್ವರ


ಹಬ್ಬುವಾಡ
2-7-2023

ಚಿ. ಸೌ. ಉಮಾಳಿಗೆ,

ಏಪ್ರಿಲ್ ಹೋಯಿತು, ಮೇ ಹೋಯಿತು, ಮಳೆಯೂ ಹಿಡಿಯಿತು. ನಿನ್ನ ಪತ್ತೆಯಿಲ್ಲ. ನಾಣ್ಯವನ್ನು ಗೋವಾದ ಯಾವನಾದರೂ ದಲ್ಲಾಳಿಗೆ ದಾಟಿಸಿದಿರೋ ಹೇಗೆ? ಹಾಗಿದ್ದರೆ ಬಾಯಿಬಿಟ್ಟು ಹೇಳು, ಕಾಯುವುದನ್ನಾದರೂ ಬಿಡುತ್ತೇನೆ.

ಮಾಬ್ಲೇಶ್ವರ


ಕೇಣಿ
25-7-2023

ಮಾಸ್ತರರಿಗೆ,

ಜೂನ್ ಎಂಟಕ್ಕೆ ಕಡಲಿಗೆ ಹೋದ ಇವರು ತಿರುಗಿ ಬಂದಿಲ್ಲ.

ಗಾಳಿ ಏಳ್ತದೆ ಹೇಳಿ ಬಂದರಿನಲ್ಲಿ ಬಾವುಟ ಏರಿಸಿದ್ದರು. ಜಟ್ಟು ಬರೂದಿಲ್ಲ ಅಂದ. ಇವರು ಒಬ್ಬರೇ ದೋಣಿ ಇಳಿಸಿದ್ರು. ಮೂರನೇ ದಿನ ದೋಣಿ ಹಾರವಾಡದ ಹತ್ತಿರ ಮಗುಚಿಕೊಂಡು ಸಿಕ್ತು. ಎಂಜಿನ್ನು ಇತ್ತು, ಬಲೆ ಇತ್ತು, ಊಟದ ಡಬ್ಬಿ ಮುಚ್ಚಳ ಹಾಕಿದ ಹಾಗೇ ಇತ್ತು. ಇವರು ಇಲ್ಲ.

ಗುಜರಾತಿನ ಬೋಟಿನವರು ಒಬ್ಬನನ್ನು ನೀರಿನಿಂದ ಎತ್ತಿದ್ದಾರೆ, ಅವನಿಗೆ ತಲೆಗೆ ಪೆಟ್ಟಾಗಿ ಮಾತು ಹೋಗಿದೆ ಹೇಳಿ ಒಂದು ಸುದ್ದಿ ಬಂತು. ಪೊಲೀಸರು ಕೇಳಿ ನೋಡ್ತೇವೆ ಅಂದಿದ್ದಾರೆ. ಅತ್ತೆಗೆ ಅದೇ ಆಧಾರ. ದಿನಾ ಸಂಜೆ ಮಗನ ಬಟ್ಟಲಿಗೆ ಗಂಜಿ ಹಾಕಿ ಮುಚ್ಚಿ ಇಡ್ತಾರೆ, ಬೆಳಿಗ್ಗೆ ಕಾಗೆಗೆ ಹಾಕ್ತಾರೆ. ಬಳೆ, ಕುಂಕುಮ ಇಟ್ಟುಕೊಂಡೇ ಇದ್ದೇನೆ. ಊರವರು ನನ್ನ ಹಣೆ ನೋಡಿ ಮಾತು ನಿಲ್ಲಿಸ್ತಾರೆ. ನಂಗೆ ಇವರು ಬದುಕಿದ್ದಾರೆ ಹೇಳಿಯೂ ಅನ್ನಿಸೂದಿಲ್ಲ, ಸತ್ತಿದ್ದಾರೆ ಹೇಳಿಯೂ ಅನ್ನಿಸೂದಿಲ್ಲ. ಎರಡರಲ್ಲಿ ಒಂದು ಗೊತ್ತಾದರೆ ಸಾಕಾಗಿದೆ.

ನಾಣ್ಯ ಯಾರಿಗೂ ಕೊಡಲಿಲ್ಲ. ಅದು ಇದ್ದಲ್ಲಿ ಇದೆ.

ಉಮಾ


ಹಬ್ಬುವಾಡ
1-8-2023

ಚಿ. ಸೌ. ಉಮಾಳಿಗೆ,

ಹಿಂದಿನ ಕಾಗದಕ್ಕೆ ನಾನು ಪಟ್ಟ ನಾಚಿಕೆ ಹೇಳಲಾರೆ. ಸುದ್ದಿ ಬರಲಿ. ಗುಜರಾತು ಬಹಳ ದೂರವೇನಲ್ಲ, ಕಡಲಿನಲ್ಲಿ ಇದಕ್ಕಿಂತ ದೊಡ್ಡ ಪವಾಡಗಳು ಆಗಿವೆ. ನಾಗಮ್ಮನವರು ಗಂಜಿ ಇಡುವುದನ್ನು ಯಾರೂ ತಡೆಯಬೇಡಿ. ವೈಜಯಂತಿಯ ಚಹಾದ ಲೋಟ ನಾನು ಇಂದಿಗೂ ಮೇಜಿನ ಮೇಲಿನಿಂದ ಎತ್ತಿಲ್ಲ.

ಒಂದು ಮಾತು. ಮನೆಯಲ್ಲಿ ಬರುವವರು ಹೋಗುವವರು ಜಾಸ್ತಿ ಇರುತ್ತಾರೆ. ದೇವರ ಪೆಟ್ಟಿಗೆಗೆ ಬೀಗ ಇದೆಯೇ?

ಮಾಬ್ಲೇಶ್ವರ


ಹಬ್ಬುವಾಡ
4-10-2023

ಚಿ. ಉಮಾಳಿಗೆ ಆಶೀರ್ವಾದ.

ಇಂಥ ಹೊತ್ತಿನಲ್ಲಿ ಬರೆಯಬಾರದು, ಆದರೂ ತಡೆಯಲಾಗುತ್ತಿಲ್ಲ. ಎರಡನೆಯದು ಸಿಕ್ಕಿತು.

ಸದಾಶಿವಗಡದ ತುಳಸಿದಾಸ ಎಂಬವನು, ದಂಡೆಯಲ್ಲಿ ಚಿಕ್ಕ ಅಂಗಡಿ, ಒಂದು ದೋಣಿ ಇಟ್ಟುಕೊಂಡವನು, ಹಳೇ ನಾಣ್ಯದ ಮಾಸ್ತರ ಮನೆ ಯಾವುದು ಎಂದು ಕೇಳುತ್ತ ಬಂದ. ಕಾಳಿ ನದಿ ಕಡಲಿಗೆ ಸೇರುವಲ್ಲಿ ಅವನ ಬಲೆಗೆ ಬಂದದ್ದಂತೆ. ನನ್ನ ಪೆಟ್ಟಿಗೆಯ ಎರಡು ಬೆಳ್ಳಿ ನಾಣ್ಯ ಕೊಟ್ಟು ಅದನ್ನು ಪಡೆದೆ. ಅದೇ ಗಡ್ಡದವನು, ಅದೇ ಹಾಯಿ, ಅದೇ ದೀಪಸ್ತಂಭ. ಒಡಕು ಕೂಡ ಗಡ್ಡದ ಕೆಳಗೇ ಬಂದಿದೆ. ಒಂದೇ ಅಚ್ಚಿನಲ್ಲಿ, ಒಂದೇ ದಿನ, ಒಬ್ಬನೇ ಕಮ್ಮಾರ ಹೊಡೆದ ಅಣ್ಣತಮ್ಮಂದಿರು ಇವು. ನಿನ್ನದು ಹಸಿರು, ಇದು ಹಳದಿಗೆ ತಿರುಗಿದೆ. ನಿನ್ನದಕ್ಕೆ ತೂತಿಲ್ಲ, ಇದಕ್ಕೆ ದೇವಿಯ ತಲೆಯ ಮೇಲೆ ಒಂದು ತೂತಿದೆ. ಹಿಂದಿನವರು ಕೊರಳಿಗೆ ಕಟ್ಟಿಕೊಳ್ಳಲು ಮಾಡಿದ ಪುರಾತನ ತೂತು. ಹಾಗಾಗಿ ಇದು ಬೇರೆಯೇ ನಾಣ್ಯ ಎನ್ನುವುದರಲ್ಲಿ ಅನುಮಾನವಿಲ್ಲ.

ಪುಣೆಯ ಒಂದು ಪತ್ರಿಕೆಗೆ ಲೇಖನ ಕಳಿಸಿಯೇ ಬಿಟ್ಟೆ. ಅಂಕೋಲೆಯದೊಂದು, ಕಾರವಾರದ್ದೊಂದು. ಮೂವತ್ತನಾಲ್ಕು ವರ್ಷ, ಉಮಾ. ಅಂದು ನಕ್ಕವರಲ್ಲಿ ಇಬ್ಬರಾದರೂ ಇನ್ನೂ ಬದುಕಿದ್ದಾರೆ. ಇದರ ಅಚ್ಚು ತೆಗೆದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ನಿನ್ನದರ ಜೊತೆ ಹಿಡಿದು ನೋಡು.

ಮಾಬ್ಲೇಶ್ವರ


ಕೇಣಿ
9-10-2023

ಮಾಸ್ತರರಿಗೆ,

ಹಿಡಿದು ನೋಡಲಿಕ್ಕೆ ನನ್ನ ಹತ್ತಿರ ನಾಣ್ಯ ಇಲ್ಲ. ನಾನು ನಿಮಗೆ ಸುಳ್ಳು ಬರೆದಿದ್ದೆ.

ನಿಮ್ಮ ಮೊದಲ ಕಾಗದ ಓದಿದ ಮಾರನೇ ದಿನ ಅತ್ತೆ, ಅಮ್ಮನಿಗೆ ಅಭ್ಯಂಗ ಆಗಬೇಕು ಹೇಳಿ ದೀಪದ ಕಾಲು ತಿಕ್ಕಿದ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಿದ್ರು. ಹಸಿರು ಪೂರಾ ಹೋಗಿ ಹಳದಿ ಆಯ್ತು. ಇವರು ಬೇಲೆಕೇರಿಯಲ್ಲಿ ಎಂಜಿನ್ ರಿಪೇರಿ ಮಾಡುವ ರೋಷನನ ಹತ್ತಿರ ಒಯ್ದು ಡ್ರಿಲ್ಲಿನಲ್ಲಿ ತೂತು ಹಾಕಿಸಿದ್ರು. ಅಮ್ಮನ ಮೈಗೆ ತಾಗಬಾರದು, ತಲೆಯ ಮೇಲೇ ಹಾಕು ಹೇಳಿ ಹೇಳಿದ್ರಂತೆ. ನಾನೇ ಉಡದಾರಕ್ಕೆ ಕಟ್ಟಿದೆ. ಬರೀ ಕರಿ ದಾರ ಉಪ್ಪುನೀರಿಗೆ ತಾಳೂದಿಲ್ಲ ಹೇಳಿ ಹಸಿರು ನೈಲಾನ್ ನೂಲು ಸೇರಿಸಿ ಹೆಣೆದು, ಬಲೆಗೆ ಹಾಕುವ ಗಂಟು ಹಾಕಿದ್ದೆ. ನೀವು ಬೈತೀರಿ ಹೇಳಿ ಹೆದರಿ ದೇವರ ಪೆಟ್ಟಿಗೆ ಅಂತ ಬರೆದೆ. ಆಮೇಲೆ ಇವರು ಬಾರದೆ ಹೋದ ಮೇಲೆ, ನಾಣ್ಯ ಇವರ ಸೊಂಟದಲ್ಲಿದೆ ಹೇಳಿ ಬರೀಲಿಕ್ಕೆ ಕೈ ಬರಲಿಲ್ಲ.

ನೀವು ಕಳಿಸಿದ ಅಚ್ಚು ಪೂರ್ತಿ ನೋಡ್ಲಿಕ್ಕೆ ನನ್ನಿಂದ ಆಗಲಿಲ್ಲ. ಮಡಚಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈಗ ಪಿತೃಪಕ್ಷ. ಎಲ್ಲರ ಮನೆಯಲ್ಲೂ ಹೋದವರಿಗೆ ಎಡೆ ಇಡ್ತಾರೆ. ಅತ್ತೆ ಮಗನ ಹೆಸರಿಗೆ ಎಡೆ ಇಡ್ಲಿಕ್ಕೆ ಬಿಡಲಿಲ್ಲ, ಯಾರೋ ಮಾತೆತ್ತಿದ್ದಕ್ಕೆ ಅನ್ನದ ಪಾತ್ರೆಯನ್ನೇ ಅಂಗಳಕ್ಕೆ ಒಗೆದ್ರು.

ನೀವು ತಿಳಿದವರು. ತೂತು ಹಳೇದು, ಇದು ಬೇರೆ ನಾಣ್ಯ ಹೇಳಿ ಬರೆದಿದ್ದೀರಿ. ಅದು ನಿಜವೇ ಹೇಳಿ ಇನ್ನೊಂದು ಸಲ ಬರೆಯಿರಿ, ನಾನು ನಂಬ್ತೇನೆ. ತುಳಸಿದಾಸ ತಂದಾಗ ಅದರಲ್ಲಿ ದಾರ ಇತ್ತಾ, ಅದೊಂದು ಹೇಳಿ.

ಮತ್ತೆ, ಮೊದಲೆಲ್ಲ ನನಗೆ ಚಿ. ಸೌ. ಹೇಳಿ ಬರೀತಿದ್ದಿರಿ. ಗಂಡ ಇದ್ದವಳಿಗೆ ಬರೆಯುವ ಆ ಸೌ. ಈ ಸಲ ಬಿಟ್ಟುಹೋಗಿದೆ. ಮರೆತದ್ದು ಹೌದಾ?

ಉಮಾ


ಕೇಣಿ
30-10-2023

ಮಾಸ್ತರರಿಗೆ,

ಮೂರು ವಾರ ಆಯ್ತು. ಪೋಸ್ಟಿನವ ತುಳಸೀಕಟ್ಟೆ ತನಕ ಬಂದು ಕೈ ಆಡಿಸಿ ಹೋಗ್ತಾನೆ. ಹೌದು ಅಥವಾ ಅಲ್ಲ, ಒಂದು ಶಬ್ದ ಸಾಕು.

ಉಮಾ


ಹಬ್ಬುವಾಡ
6-11-2023

ಉಮಾ,

ಇತ್ತು. ದಾರ ಇತ್ತು. ಕರಿ ದಾರ, ಹಸಿರು ನೂಲು, ನೀನು ಹೇಳಿದ ಗಂಟು.

ಇದು ನಿನ್ನ ನಾಣ್ಯವೇ. ತುಳಸಿದಾಸ ಮೇಜಿನ ಮೇಲೆ ಇಟ್ಟ ಕ್ಷಣದಲ್ಲೇ ಅಂಚಿನ ಒಡಕು ನೋಡಿದೆ. ಫೆಬ್ರವರಿಯಲ್ಲಿ ನೀನು ಕಳಿಸಿದ ಅಚ್ಚು ನನ್ನ ಕಣ್ಣಲ್ಲೇ ಇತ್ತು. ನಾಣ್ಯ ಹೊಡೆಯುವ ಅಚ್ಚು ಒಂದೇ ಇರಬಹುದು, ಒಡಕು ಎರಡು ನಾಣ್ಯಕ್ಕೆ ಒಂದೇ ಕಡೆ ಬರುವುದಿಲ್ಲ. ಇದನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟವನು. ತೂತು ಡ್ರಿಲ್ಲಿನದೆಂದು ಬೆರಳಿಗೇ ತಿಳಿಯಿತು. ಹಿಂದಿನವರ ತೂತಿಗೆ ಒಂದು ಬದಿ ಅಂಚು ಎದ್ದಿರುತ್ತದೆ, ಇದು ಎರಡೂ ಬದಿಗೆ ನಯವಾಗಿತ್ತು. ಎಲ್ಲ ಗೊತ್ತಿದ್ದೂ, ನಾನು ಹೇಳಿದ ಹಾಗೇ ಇಟ್ಟಿದ್ದೇನೆಂದು ನೀನು ಬರೆದ ಮಾತನ್ನು ಹಿಡಿದುಕೊಂಡೆ. ನಿನ್ನ ಅಚ್ಚಿನ ಕಾಗದವನ್ನು ಬೋರಲು ಹಾಕಿ ಅದರ ಮೇಲೆ ಪುಸ್ತಕ ಇಟ್ಟೆ. ಎರಡನೆಯದು ಬೇಕಿತ್ತು ನನಗೆ. ಸೌ. ಮರೆತದ್ದಲ್ಲ. ಕೈಗೆ ಗೊತ್ತಿತ್ತು, ನಾನು ಒಪ್ಪಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಸದಾಶಿವಗಡಕ್ಕೆ ಹೋದೆ. ಪಾಟಿಯ ಮೇಲೆ ಪ್ರಶ್ನೆ ಬರೆದು ತೋರಿಸಿದೆ, ತುಳಸಿದಾಸ ಉತ್ತರ ಬರೆದ. ಸೆಪ್ಟೆಂಬರ್ ಕೊನೆಯಲ್ಲಿ ಬಲೆಯಲ್ಲಿ ಒಂದು ನೀಲಿ ಚಡ್ಡಿಯ ತುಂಡು ಬಂತಂತೆ, ಅದಕ್ಕೆ ಸಿಕ್ಕಿಕೊಂಡು ಈ ದಾರ. ಬೇರೆ ಏನೂ ಇರಲಿಲ್ಲವಂತೆ. ಬಟ್ಟೆಯನ್ನು ನೀರಿಗೆ ಬಿಟ್ಟ. ದಾರ ಸುತ್ತು ಪೂರ್ತಿ ಇತ್ತು, ಗಂಟು ಬಿಚ್ಚಿರಲಿಲ್ಲ, ಎಲ್ಲೂ ಕಡಿದಿರಲಿಲ್ಲ. ಇದನ್ನು ನಾನೂ ಕಣ್ಣಾರೆ ನೋಡಿದ್ದೇನೆ.

ಉಳಿದದ್ದೂ ಹೇಳಬೇಕು. ತುಳಸಿದಾಸ ಗೇಟು ದಾಟುವ ಮೊದಲೇ ಬ್ಲೇಡಿನಲ್ಲಿ ದಾರ ಕತ್ತರಿಸಿದೆ. ನಾಣ್ಯವನ್ನು ತಕ್ಕಡಿಯಲ್ಲಿಟ್ಟು ತೂಗಬೇಕಿತ್ತು. ದಾರವನ್ನು ಕಸದ ಬುಟ್ಟಿಗೆ ಹಾಕಿದೆ. ಬೆಳಿಗ್ಗೆ ಕಸದ ಗಾಡಿ ಬಂದು ಒಯ್ಯಿತು. ಊರಿನ ಕಸವೆಲ್ಲ ಶಿರವಾಡಕ್ಕೆ ಹೋಗುತ್ತದೆ ಎಂದರು. ರಿಕ್ಷಾ ಮಾಡಿಕೊಂಡು ಹೋಗಿ ಆ ರಾಶಿಯ ಮುಂದೆ ನಿಂತೆ. ತಿಂಗಳ ಕಸ. ಕೋಲಿನಿಂದ ಸ್ವಲ್ಪ ಕೆದರಿದೆ. ಅಲ್ಲಿನ ಹೆಂಗಸರು ಏನು ಹುಡುಕುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿದರು. ಕೋಲು ಅಲ್ಲೇ ಬಿಟ್ಟು ರಿಕ್ಷಾ ಹತ್ತಿದೆ.

ಪುಣೆಗೆ ಬರೆದು ಲೇಖನ ವಾಪಸು ಪಡೆದೆ. ನಾಣ್ಯ ಇದರೊಡನೆ ರಿಜಿಸ್ಟರ್ ಮಾಡಿದ್ದೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಒಂದೇ ಒಂದು ಕೇಳುತ್ತೇನೆ. ಆ ದಿನ ಬಾವುಟ ಏರಿದ್ದೂ ಉದಯ ಒಬ್ಬನೇ ಯಾಕೆ ಹೋದ?

ಮಾಬ್ಲೇಶ್ವರ


ಕೇಣಿ
18-11-2023

ಮಾಸ್ತರರಿಗೆ,

ನಾಣ್ಯ ಮುಟ್ಟಿತು.

ಅತ್ತೆಯ ಎದುರು ಕೂತು ನಿಮ್ಮ ಕಾಗದ ಓದಿದೆ. ಗುಜರಾತಿನ ಬೋಟಿನ ಸುದ್ದಿ ಎಷ್ಟು ಜನ ಸುಳ್ಳು ಅಂದರೂ ನಂಬದವರು, ಗಂಟು ಬಿಚ್ಚಿರಲಿಲ್ಲ ಅನ್ನುವಲ್ಲಿಗೆ ಓದೂದು ನಿಲ್ಲಿಸಲಿಕ್ಕೆ ಕೈ ಮಾಡಿದ್ರು. ನಮ್ಮಲ್ಲಿ ಗಂಡಸಿನ ಉಡದಾರ ಜೀವ ಇರುವ ತನಕ ಸೊಂಟ ಬಿಡೂದಿಲ್ಲ. ಬಿಚ್ಚದೆ, ಕಡಿಯದೆ ಅದು ಸೊಂಟದಿಂದ ಹೊರಗೆ ಬಂದಿದೆ ಅಂದ್ರೆ ಸೊಂಟವೇ ಇಲ್ಲ ಹೇಳಿ ಅರ್ಥ. ಅತ್ತೆ ಎದ್ದು ಹೋಗಿ ಮುಚ್ಚಿಟ್ಟಿದ್ದ ಗಂಜಿ ಬಟ್ಟಲು ತೊಳೆದು ಕವುಚಿ ಹಾಕಿದ್ರು. ಆಮೇಲೆ ನನ್ನ ಕೈ ಹಿಡಿದು ಬಳೆ ಒಂದೊಂದಾಗಿ ಅವರೇ ತೆಗೆದ್ರು. ಒಡೀಲಿಲ್ಲ.

ಅಮಾಸೆ ದಿನ ದರ್ಭೆಯ ಗೊಂಬೆ ಮಾಡಿ ಜಟ್ಟು ಬೆಂಕಿ ಕೊಟ್ಟ. ಹೆಣ ಇದ್ದರೆ ಮನೆಯವರು ಉಡದಾರ ಕಡಿಯೂದು ಪದ್ಧತಿ. ಆ ದಾರ ನೀವು ಕಡಿದಾಗಿತ್ತು. ನಾನು ಹೊಸ ದಾರ ಹೆಣೆದೆ, ಅದೇ ಗಂಟು ಹಾಕಿ ನಾಣ್ಯ ಕಟ್ಟಿ ಗೊಂಬೆಯ ಸೊಂಟಕ್ಕೆ ಹಾಕಿ, ಬೆಂಕಿಗೆ ಮೊದಲು ಜಟ್ಟುವಿನ ಕೈಯಿಂದ ಕಡಿಸಿ ಗೊಂಬೆಯ ಮೇಲೇ ಬಿಟ್ಟೆ. ನಿಮ್ಮ ಮೇಲೆ ಸಿಟ್ಟು ಇಲ್ಲ ಅಂದ್ರೆ ಸುಳ್ಳಾಗ್ತದೆ. ನಿಮಗೆ ಸುಳ್ಳು ಬರೆದದ್ದು ಸಾಕು.

ಇವರು ಯಾಕೆ ಹೋದ್ರು ಹೇಳಿ ಕೇಳಿದ್ರಿ. ಬರೀಬಾರದು ಹೇಳಿ ಇದ್ದೆ. ಆ ದಿನ ಜಟ್ಟು ದೋಣಿ ಹಿಡಿದು ಎಳೆದನಂತೆ. ಇವರು ಸೊಂಟ ಮುಟ್ಟಿ ತೋರಿಸಿ, "ಅಮ್ಮ ಇದ್ದಾಳೆ, ನೀ ಬೇಕಾದ್ರೆ ಮನೇಲಿ ಮಲಕ್ಕೊ" ಅಂದ್ರಂತೆ. ಮಾರ್ಚ್‌ನಿಂದ ಇವರಿಗೆ ಹೆದರಿಕೆ ಹೇಳೂದೇ ಹೋಗಿತ್ತು. ನಿಮ್ಮ ಕಾಗದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ದೋಣಿಯಲ್ಲೇ ಇಟ್ಟುಕೊಂಡಿದ್ರು. ಓದಿದವಳು ನಾನು, ಕಟ್ಟಿದವಳು ನಾನು. ಬರೆದವರು ನೀವು.

ಬೂದಿಯಲ್ಲಿ ನಾಣ್ಯ ಕಪ್ಪಾಗಿ ಸಿಕ್ತು. ಸಂಜೆ ಅತ್ತೆ ದಂಡೆಗೆ ಹೋಗಿ ಅದನ್ನು ನೀರಿಗೆ ಬಿಟ್ಟರು. ಎಲ್ಲಿ ಹೇಳಿ ನಾನು ನಿಮಗೆ ಬರೆಯೂದಿಲ್ಲ. ನಿಮ್ಮ ಎರಡನೇ ಅಚ್ಚು ಇದರ ಜೊತೆ ವಾಪಸು ಕಳಿಸಿದ್ದೇನೆ. ಮೊದಲನೇದು ನಿಮ್ಮ ಹತ್ತಿರವೇ ಇದೆ. ಈಗ ನಿಮ್ಮ ಹತ್ತಿರ ಎರಡು ಆಯ್ತು.

ನೀರಿಗೆ ಬಿಡುವ ಮೊದಲು ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ನನ್ನ ಹತ್ತಿರ ಕೇಳಿದ್ರು, "ಇವಳ ಎದುರಿಗೆ ದೀಪದ ಕಂಬ ಇದೆ ಹೇಳಿ ಮಾಸ್ತರರು ಬರೆದಿದ್ರಲ್ಲ. ಅಷ್ಟು ಹತ್ತಿರ ದೀಪ ಇಟ್ಟುಕೊಂಡೂ ಅವನಿಗೆ ದಂಡೆ ಕಾಣಲಿಲ್ವಾ?"

ನಿಮಗೆ ಉತ್ತರ ಗೊತ್ತಿದ್ದರೂ ಬರೆಯಬೇಡಿ.

ಉಮಾ